ನಾನೇ ಫೋನ್ ಇಟ್ಟೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ ಅಂತ ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ತಪ್ಪಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫ್ರಿಡ್ಜ್ ತಣ್ಣಗಾಗುತ್ತಿಲ್ಲ, ವಾಷಿಂಗ್ ಮಷಿನ್ ತಿರುಗುತ್ತಿಲ್ಲ ಅನ್ನುವವರ ದೂರನ್ನು ದಿನಕ್ಕೆ ಎಂಟು ಗಂಟೆ ಕೇಳಿ ಬಂದವಳಿಗೆ ಫೋನ್ ಕಂಡರೆ ಮೈ ಉರಿಯುತ್ತದೆ. ಕಾಗದದಲ್ಲಾದರೆ ನನ್ನದೇ ದನಿ ಇರುತ್ತದೆ. ನಾನು, ನಿಮ್ಮಪ್ಪ ಇಬ್ಬರೂ ಗಟ್ಟಿಯಾಗಿದ್ದೇವೆ. ಶಾಲೆಯಲ್ಲಿ ನಿನ್ನ ಪುಟಾಣಿಗಳ ಗಲಾಟೆ ಹೇಗಿದೆ? ನಿನ್ನ ಕಾಗದದಲ್ಲಿ ಅಲ್ಲಿಯ ಚಳಿ, ಕಿಟಕಿಯ ಹೊಸ ಪರದೆ, ಬಸ್ಸಿನ ಸಮಯ ಎಲ್ಲ ಇತ್ತು. ನೀನು ಮಾತ್ರ ಇರಲಿಲ್ಲ.

ಈಗ ನನ್ನ ಸುದ್ದಿ ಕೇಳು. ನಾಳೆ ನನ್ನ ಕೆಲಸ ಹೋಗಬಹುದು. ಗಾಬರಿಯಾಗಬೇಡ, ನನಗೇ ಗಾಬರಿಯಿಲ್ಲ.

ಹೋದ ತಿಂಗಳು ಆಫೀಸಿನಲ್ಲಿ ನಮ್ಮ ಸಾಲಿನ ಇಬ್ಬರು ತಲೆ ತಿರುಗಿ ಬಿದ್ದರು. ಅದಕ್ಕೆ ಮೇಲಿನವರು ಒತ್ತಡ ಕಡಿಮೆ ಮಾಡಿಕೊಳ್ಳುವ ಸುಲಭ ಉಪಾಯಗಳನ್ನು ಕಲಿಸಲು ಒಬ್ಬ ತರಬೇತುದಾರನನ್ನು ಕರೆಸಿದರು. ಊಟದ ಅರ್ಧ ಗಂಟೆಯಲ್ಲೇ ಹದಿನೈದು ನಿಮಿಷ ಕತ್ತರಿಸಿ ಪಾಠ! ಅವನು ಎಲ್ಲರಿಗೂ ಒಂದೊಂದು ಹಳದಿ ಸ್ಪಂಜಿನ ಚೆಂಡು ಹಂಚಿದ. ಮೂಗಿಗೆ ತುಪ್ಪ ಸವರುವುದಕ್ಕೆ ಈಗೀಗ ಚೆಂಡು ಸಾಕು ನೋಡು. "ಸಿಟ್ಟು ಬಂದಾಗ ಇದನ್ನ ಹಿಸುಕಿ. ನಾಲ್ಕು ಎಣಿಸ್ತಾ ಉಸಿರು ಒಳಗೆ, ನಾಲ್ಕು ಎಣಿಸ್ತಾ ಹೊರಗೆ" ಅಂದ. ನಾನು ಕೈ ಎತ್ತಿ, "ನಾನು ಉಸಿರು ಎಳ್ಕೊಳ್ತಾ ಇರೋವಾಗ ಆ ಕಡೆಯಿಂದ 'ಹಲೋ, ಸತ್ತೋದ್ಯಾ' ಅಂದ್ರೆ ಏನ್ ಮಾಡ್ಲಿ?" ಅಂತ ಕೇಳಿದೆ. ಸಾಲೆಲ್ಲ ನಕ್ಕಿತು. ಪಕ್ಕದ ಸೀಟಿನ ಕನ್ನಡಕದವಳಂತೂ ಹೊಟ್ಟೆ ಹಿಡಿದುಕೊಂಡಳು. ನಾನು ಬಿಡಲಿಲ್ಲ.

"ಬೈತಾನೇ ಇದ್ರೆ ನಾವೇ ಫೋನ್ ಇಡಬಹುದಾ?"

ಅವನು ಮೇಲ್ವಿಚಾರಕಿಯ ಮುಖ ನೋಡಿದ. ಅವಳು ನೆಲ ನೋಡಿದಳು. ನಮ್ಮಲ್ಲಿ ಅದೊಂದು ನಿಯಮ, ಕರೆ ಮಾಡಿದವರೇ ಮೊದಲು ಫೋನ್ ಇಡಬೇಕು. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಮೊದಲು ಇಟ್ಟವಳಲ್ಲ. ಕರೆಗೆ ಹೀಗೇ ಉತ್ತರಿಸಬೇಕು ಅಂತ ಮೇಜಿಗೆ ಅಂಟಿಸಿದ ಹಾಳೆಯಲ್ಲಿರುವ ಮಾತು ಬಿಟ್ಟು ಬೇರೆ ಆಡಿದವಳೂ ಅಲ್ಲ.

ಸುಳ್ಳು ಹೇಳಬಾರದು, ಕೆಲವು ಉಪಾಯಗಳು ಫಲ ಕೊಟ್ಟವು. ಮುಖಕ್ಕೆ ತಣ್ಣೀರು ಹಾಕುವುದು, ಕಿಟಕಿಯ ಹತ್ತಿರ ಎರಡು ನಿಮಿಷ ಸುಮ್ಮನೆ ನಿಲ್ಲುವುದು, ಬಸ್ಸಿನಿಂದ ಎರಡು ಸ್ಟಾಪು ಮುಂಚೆ ಇಳಿಯುವುದು. ನಡೆದು ಬರುವಷ್ಟರಲ್ಲಿ ಅರ್ಧ ಬೈಗುಳ ರಸ್ತೆಯಲ್ಲೇ ಉದುರಿ ಹೋಗುತ್ತದೆ. ಉಸಿರಾಟವನ್ನು ನಿಮ್ಮಪ್ಪನಿಗೂ ಹೇಳಿಕೊಟ್ಟೆ. ಒಲೆಯ ಮುಂದೆ ಕಣ್ಣು ಮುಚ್ಚಿ ಎಣಿಸುತ್ತ ನಿಂತರು, ಹಾಲೆಲ್ಲ ಉಕ್ಕಿ ನೆಲಕ್ಕೆ ಇಳಿಯಿತು. "ಏನೇ ಹೇಳು, ತಲೆ ತುಂಬಾ ಹಗುರಾಯ್ತು ಕಣೇ" ಅಂದರು. ನೆಲ ಒರೆಸಿದವಳು ನಾನು.

ಮಂಗಳವಾರ ಒಬ್ಬನ ಕರೆ ಬಂತು. ಫ್ರಿಡ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವಂತೆ. ರಿಪೇರಿಯವನು ನಾಳೆ ಬರುತ್ತಾನೆ ಅಂದೆ. ಅಷ್ಟಕ್ಕೇ ಶುರು. ನನ್ನ ವಯಸ್ಸು, ನನ್ನ ದನಿ, ನನ್ನ ಹುಟ್ಟು, ಯಾವುದನ್ನೂ ಬಿಡಲಿಲ್ಲ ಮಹಾರಾಯ. ಚೆಂಡು ಹಿಸುಕಿದೆ. ನಾಲ್ಕು ಎಣಿಸಿದೆ, ನಲವತ್ತು ಎಣಿಸಿದೆ. ಇಪ್ಪತ್ತೆರಡು ನಿಮಿಷವಾಯಿತು. ನೋಡಿದರೆ ಸ್ಪಂಜಿನ ಚೂರುಗಳು ನನ್ನ ಮಡಿಲಲ್ಲಿ ಬಿದ್ದಿದ್ದವು. "ಸ್ವಾಮಿ, ರಿಪೇರಿಯವನು ನಾಳೆ ಹತ್ತು ಗಂಟೆಗೆ ಬರ್ತಾನೆ. ನಿಮ್ಮ ಬೈಗುಳ ಕೇಳೋದು ನನ್ನ ಕೆಲಸ ಅಲ್ಲ. ಇಡ್ತೀನಿ" ಅಂದೆ. ಇಟ್ಟೇಬಿಟ್ಟೆ. ಪುಟ್ಟೀ, ಎಂಥ ಸುಖ ಗೊತ್ತಾ! ಹನ್ನೊಂದು ವರ್ಷ ಕಟ್ಟಿಟ್ಟ ಉಸಿರು ಒಂದೇ ಸಲಕ್ಕೆ ಹೊರಗೆ ಬಂತು. ಎಣಿಸಬೇಕಾಗಿಯೇ ಬರಲಿಲ್ಲ.

ಹತ್ತು ನಿಮಿಷದಲ್ಲಿ ಮೇಲ್ವಿಚಾರಕಿ ಕರೆದಳು. ಕೆಟ್ಟವಳಲ್ಲ, ಅವಳ ತಲೆಯ ಮೇಲೂ ಒಬ್ಬರು ಕೂತಿದ್ದಾರೆ. "ಒಂದು ಕ್ಷಮಾಪಣೆ ಕೊಟ್ಬಿಡಿ, ಇಲ್ಲಿಗೇ ಮುಗಿಸೋಣ" ಅಂದಳು. ಟೈಪ್ ಮಾಡಿದ ಹಾಳೆ ಸಿದ್ಧವಾಗಿಯೇ ಇತ್ತು. ನನ್ನಿಂದ ತಪ್ಪಾಗಿದೆ, ಇನ್ನು ಮುಂದೆ ನನ್ನ ಒತ್ತಡವನ್ನು ನಾನೇ ಸರಿಯಾಗಿ ನಿಭಾಯಿಸುತ್ತೇನೆ ಅಂತ. ನಾನು ಅದನ್ನು ತಿರುಗಿಸಿ ಹಿಂಬದಿಯಲ್ಲಿ ಬರೆದೆ, 'ಫೋನ್ ಇಟ್ಟದ್ದು ನಿಜ. ಹಾಗೆ ಬೈದರೆ ನಾಳೆಯೂ ಇಡುತ್ತೇನೆ.' ಕೆಳಗೆ ದೊಡ್ಡದಾಗಿ ರುಜು ಹಾಕಿದೆ. ಅವಳು ಎರಡು ಸಲ ಓದಿದಳು. "ಸೋಮವಾರ ಮೇಲಿನವರು ಬರ್ತಾರೆ. ಅಲ್ಲಿವರ್ಗೂ ಯೋಚ್ನೆ ಮಾಡಿ. ಆಗ್ಲೂ ಹೀಗೇ ಅಂದ್ರೆ ನನ್ನ ಕೈಲಿ ಏನೂ ಇಲ್ಲ" ಅಂದಳು.

ಯೋಚನೆ ಮಾಡಿದ್ದಾಯಿತು. ಕ್ಷಮೆ ಕೇಳುವುದಿಲ್ಲ. ಎರಡು ದಿನ ನಿಮ್ಮಪ್ಪ ಮುಖ ಗಂಟು ಹಾಕಿಕೊಂಡಿದ್ದರು. "ಒಂದು ರುಜು ತಾನೇ, ಕೈ ಏನು ಸವೆದು ಹೋಗುತ್ತಾ?" ಅಂದರು. "ಹೋಗುತ್ತೆ" ಅಂದೆ. ನಿನ್ನೆ ಅವರೇ ಕಿತ್ತುಹೋದ ನನ್ನ ಚಪ್ಪಲಿ ಹೊಲಿಸಿಕೊಂಡು ಬಂದು ಬಾಗಿಲ ಹತ್ತಿರ ಇಟ್ಟು, "ಸೋಮವಾರ ನೆಟ್ಟಗೆ ನಿಂತು ಮಾತಾಡು" ಅಂದರು. ಕನ್ನಡಕದವಳು ಶುಕ್ರವಾರ ಒಂದು ಕರೆಯನ್ನು ತಾನೇ ಇಟ್ಟು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನಮ್ಮ ಸಾಲಿನ ಚೆಂಡುಗಳು ಈಗ ಅಲುಗಾಡುವ ಮೇಜುಗಳ ಕಾಲಿನಡಿ ಇವೆ. ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂದವು.

ನೀನೂ ಯಾರ ಮುಂದೆಯೂ ಸುಮ್ಮಸುಮ್ಮನೆ ತಲೆ ತಗ್ಗಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಗುನಗುತ್ತಾ ನೂರು ವರ್ಷ ಬಾಳು, ನನ್ನ ತಾಯಿ.

ನಿನ್ನ
ಅಮ್ಮ

ಮತ್ತೊಂದು ಮಾತು. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಎರಡು ವರ್ಷದ ಹಿಂದೆ ಒಂದು ಸಂಜೆ ನೀನು ಹೆಗಲ ಚೀಲ ಕೂಡ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಅವ್ನು ಮದುವೆ ಬೇಡ ಅಂದ್ಬಿಟ್ಟ" ಅಂದೆ. ಆ ದಿನ ತೊಂಬತ್ತು ಕರೆ ಮುಗಿಸಿ ಬಂದಿದ್ದೆ. ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ಕೂಡ ನೋಡದೆ, "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಇನ್ನೇನಾದರೂ ಸಹಾಯ ಬೇಕೇ?" ಅಂದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ನಿನಗೆ! ನೀನು ಒಂದು ಕ್ಷಣ ನಕ್ಕೆ. ಆಮೇಲೆ "ಬೇಡ" ಅಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಬಂದು ತಟ್ಟಬೇಕಿತ್ತು. ಕೈ ಎತ್ತಿದೆ, ತಟ್ಟಲಿಲ್ಲ. ಅವತ್ತಿನಿಂದ ನಿನ್ನ ಮನಸ್ಸಿನ ಒಂದು ಮಾತೂ ನೀನು ನನಗೆ ಹೇಳಿಲ್ಲ.

ಆಫೀಸಿನವರ ಹತ್ತಿರ ಕೇಳದ ಕ್ಷಮೆಯನ್ನು ನಿನ್ನ ಹತ್ತಿರ ಕೇಳುತ್ತಿದ್ದೇನೆ. ತಪ್ಪಾಯಿತು ಮಗಳೇ. ಆ ದಿನ ಅವನು ಏನಂದ, ನೀನು ಎಷ್ಟು ಅತ್ತೆ, ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳು.