ಭಾನುವಾರದ ಓದು

ಮಂಗಳವಾರ, ಮಧ್ಯಾಹ್ನ

ಚಿನ್ನಿಯ ಅಮ್ಮನಿಗೆ,

ನಮಸ್ಕಾರ. ನಿಮ್ಮ ಗಂಡನಾಗಿದ್ದವರ ಈಗಿನ ಹೆಂಡತಿ ನಿಮ್ಮನ್ನು ಏನೆಂದು ಕರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಹೆಸರು ಹಿಡಿಯಲು ಬಾಯಿ ಬರುವುದಿಲ್ಲ, ‘ಮೇಡಂ’ ಎಂದರೆ ಅಂಗಡಿಯ ಗಿರಾಕಿಯನ್ನು ಕರೆದ ಹಾಗಾಗುತ್ತದೆ. ಅದಕ್ಕೇ ಮೇಲಿನ ಹಾಗೆ ಬರೆದಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಕರೆ ಮಾಡಿದಾಗ ಅದು ಚಿನ್ನಿಯ ಕೈ ಬಿಟ್ಟು ಕದಲುವುದಿಲ್ಲ. ನಿಮ್ಮ ವಿಳಾಸ ನೀವು ಕಳಿಸಿದ ಪುಸ್ತಕದ ಕಟ್ಟಿನ ಮೇಲಿತ್ತು.

ಗಾಬರಿಯಾಗಬೇಡಿ, ಚಿನ್ನಿ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ, ‘ಸ’ ಅನ್ನುವಾಗ ಗಾಳಿ ಹೊರಡುತ್ತದೆ, ಅಷ್ಟೇ. ವಿಷಯ ಇರುವುದು ಅವಳ ಓದಿನದು. ನನಗೆ ತಲೆಬುಡ ತಿಳಿಯುತ್ತಿಲ್ಲ.

ಹೋದ ವಾರ ಶಾಲೆಯಲ್ಲಿ ಎರಡನೇ ತರಗತಿಯ ತಂದೆತಾಯಂದಿರನ್ನು ಕರೆದಿದ್ದರು. ಇವರಿಗೆ ಬಸ್ ಡಿಪೋದಲ್ಲಿ ರಜೆ ಸಿಗಲಿಲ್ಲ. ನಾನೇ ನನ್ನ ಕೆಲಸದ ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಹೋದೆ. ಮಕ್ಕಳ ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತೆವು. ಈ ವರ್ಷ ಏನೇನು ಕಲಿಯುತ್ತಾರೆಂದು ಟೀಚರು ವಿವರಿಸಿದರು. ಒತ್ತಕ್ಷರ ಬಂದರೂ ಎಡವದೆ ಓದುವುದು, ಓದಿದ ಕಥೆಯನ್ನು ತಮ್ಮ ಮಾತಿನಲ್ಲಿ ಹೇಳುವುದು, ಗಡಿಯಾರ ನೋಡುವುದು, ಲೆಕ್ಕದಲ್ಲಿ ಪಕ್ಕದ ಮನೆಯಿಂದ ಹತ್ತು ಸಾಲ ತಂದು ಕಳೆಯುವುದು. ಮನೆಯಲ್ಲಿ ನೀವು ಪಾಠ ಮಾಡಲು ಹೋಗಬೇಡಿ, ದಿನಾ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಮಗು ಓದುವುದನ್ನು ಕೇಳಿ, ತಪ್ಪಿದ ಕೂಡಲೇ ಬಾಯಿ ಹಾಕಬೇಡಿ ಎಂದರು. ನಾನು ಜಂಬದಿಂದ ತಲೆಯಾಡಿಸಿದ್ದೇ ಆಡಿಸಿದ್ದು. ಯಾಕೆಂದರೆ ಚಿನ್ನಿ ದಿನಾ ಸಂಜೆ ಅಡುಗೆಮನೆಯ ಕಟ್ಟೆ ಹತ್ತಿ, ನೀವು ಕಳಿಸಿದ ಆಮೆಯ ಪುಸ್ತಕವನ್ನು ನೀರು ಕುಡಿದ ಹಾಗೆ ಓದುತ್ತಾಳೆ. ಆಮೆಗೊಂದು ದನಿ, ಕಪ್ಪೆಗೊಂದು ದನಿ.

ಎಲ್ಲರೂ ಎದ್ದ ಮೇಲೆ ಟೀಚರು ನನ್ನನ್ನು ನಿಲ್ಲಿಸಿಕೊಂಡರು. “ಅವಳಿಗೆ ಎರಡಕ್ಷರ ಕೂಡಿಸಿ ಓದಕ್ಕೆ ಬರ್ತಿಲ್ಲ. ಮನೇಲಿ ಯಾರೂ ಕೂರಿಸ್ಕೊಳ್ಳಲ್ವಾ?” ಎಂದು ಮೆಲ್ಲಗೆ ಕೇಳಿದರು. ಮಲತಾಯಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಆದರೂ ನನ್ನ ಕಿವಿಗೆ ಬಿತ್ತು.

ಕಣ್ಣಿನ ತೊಂದರೆಯೇನೋ ಎಂದುಕೊಂಡು ಮಾರನೆಯ ದಿನ ಅಂಗಡಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದೆ. ಗೋಡೆಯ ಮೇಲಿನ ಪಟ್ಟಿಯ ಕಟ್ಟಕಡೆಯ ಸಣ್ಣ ಅಕ್ಷರಗಳನ್ನೂ ಒಂದೊಂದಾಗಿ ಹೇಳಿದಳು. ಕಣ್ಣಿಗೇನೂ ಆಗಿಲ್ಲ. ಶಾಲೆಯಲ್ಲಿ ಓದು ಬಾರದವಳು ಮನೆಯಲ್ಲಿ ಪಟಪಟನೆ ಓದುವುದು ಹೇಗೆ?

ಅವತ್ತು ಸಂಜೆ ಅವಳು ಓದುವಾಗ ಬೆನ್ನ ಹಿಂದೆ ನಿಂತು ನೋಡಿದೆ. ಎರಡು ಹಾಳೆ ಒಟ್ಟಿಗೆ ಅಂಟಿಕೊಂಡು ತಿರುಗಿದ್ದವು. ಪುಸ್ತಕದಲ್ಲಿ ಆಮೆ ಆಗಲೇ ಕೆರೆ ದಾಟಿ ಮನೆ ಸೇರಿದೆ, ಇವಳ ಬಾಯಲ್ಲಿ ಇನ್ನೂ ಈಚೆ ದಡದಲ್ಲೇ ಇದೆ. ಕಥೆ ಮಾತ್ರ ಒಂದಿಷ್ಟೂ ನಿಲ್ಲಲಿಲ್ಲ. ಆ ಕಪ್ಪೆಯ ದನಿ ನಿಮ್ಮದು ಎಂದು ಆಗ ಹೊಳೆಯಿತು. ಭಾನುವಾರ ಭಾನುವಾರ ನೀವು ಫೋನಿನಲ್ಲಿ ಓದಿ ಹೇಳುವುದನ್ನು ಅವಳು ಸೊಲ್ಲು ಬಿಡದೆ ಕಂಠಪಾಠ ಮಾಡಿಕೊಂಡಿದ್ದಳು.

ನಾನು ಬೈಯಲಿಲ್ಲ. ಬೇರೆ ಪುಸ್ತಕ ತಂದು ಮುಂದಿಟ್ಟೆ, ತುಟಿ ಬಿಗಿದು ಕೂತಳು. ಪುಸಲಾಯಿಸೋಣವೆಂದು, ಓದು ಕಲಿತುಬಿಟ್ಟರೆ ಯಾವ ಕಥೆ ಬೇಕಾದರೂ ನೀನೇ ಓದಿಕೊಳ್ಳಬಹುದು, ಯಾರೂ ಬೇಕಾಗುವುದಿಲ್ಲ ಎಂದೆ. ಅಷ್ಟಂದದ್ದೇ ತಡ, ಕಣ್ಣು ತುಂಬಿಕೊಂಡಳು.

“ಅದಕ್ಕೇ ನಾನು ಕಲಿಯಲ್ಲ,” ಎಂದಳು. “ಅಮ್ಮನೂ ಹಾಗೇ ಅಂದ್ಳು. ನೀನೇ ಓದಕ್ಕೆ ಕಲಿತ್ರೆ ನಾನು ಓದಿ ಹೇಳ್ಬೇಕಾಗಿಲ್ಲ ಅಂತ. ಆಮೇಲೆ ಭಾನುವಾರ ಅಮ್ಮ ಯಾಕೆ ಫೋನ್ ಮಾಡ್ತಾಳೆ?”

ಸೌಟು ಬಿಟ್ಟು ಅವಳ ಪಕ್ಕ ಕೂತೆ. ಒಲೆಯ ಮೇಲಿನದು ತಳ ಹಿಡಿಯಿತು.

ನೀವು ಅಂದದ್ದು ತಪ್ಪೆಂದು ಹೇಳಲು ನಾನು ಬರೆಯುತ್ತಿಲ್ಲ. ನಾನೂ ಅದನ್ನೇ ಅಂದೆನಲ್ಲ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿನಗೆ ಓದು ಬಂದ ಮೇಲೂ ಅಮ್ಮ ಫೋನ್ ಮಾಡುತ್ತಾಳೆ ಎಂದೆ. “ನಿಂಗೆ ಹೇಗೆ ಗೊತ್ತು?” ಎಂದು ಕೇಳಿದಳು. ನನಗೆ ಗೊತ್ತಿಲ್ಲವಲ್ಲ. ನಿಮ್ಮದೆಂದು ನನಗೆ ಗೊತ್ತಿರುವುದು ಕಟ್ಟಿನ ಮೇಲಿನ ಅಕ್ಷರ, ಮತ್ತೆ ಬಾಗಿಲಾಚೆಯಿಂದ ಬರುವ ದನಿ. ನೀವು ಓದುವ ಹೊತ್ತಿಗೆ ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿರುತ್ತೇನೆ. ಎಲ್ಲ ಮುಗಿದಿದ್ದರೆ ಮಡಿಸಿದ್ದನ್ನೇ ಕೊಡವಿ ಇನ್ನೊಮ್ಮೆ ಮಡಿಸುತ್ತೇನೆ. ಕಥೆ ಪೂರ್ತಿ ಕೇಳಬೇಕಲ್ಲ.

ಇವರಿಗೆ ಹೇಳಿದೆ. ತನ್ನಷ್ಟಕ್ಕೆ ಸರಿಹೋಗುತ್ತದೆ ಬಿಡು ಎಂದರು. ಅವರ ಸ್ವಭಾವ ನಿಮಗೆ ನಾನು ಹೇಳಬೇಕಾಗಿಲ್ಲ.

ಟೀಚರ ಹತ್ತಿರ ಮತ್ತೆ ಹೋಗಿ ಕೇಳಿದೆ. ಓದು ಬಂದ ಮಕ್ಕಳಿಗೂ ಮನೆಯವರು ಓದಿ ಹೇಳುತ್ತಿರಬೇಕು, ಅದನ್ನು ನಿಲ್ಲಿಸಬಾರದು ಎಂದರು. ಬಂದು ಚಿನ್ನಿಗೆ ಅದನ್ನೇ ಒಪ್ಪಿಸಿದೆ. “ಟೀಚರ್‌ಗೆ ಅಮ್ಮ ಗೊತ್ತಾ?” ಎಂದಳು.

ನಿಮ್ಮನ್ನು ಏನು ಕೇಳಬೇಕೆಂದು ಈಗಲೂ ಸ್ಪಷ್ಟವಿಲ್ಲ. ಈ ಭಾನುವಾರ ನೀವೇ ಅವಳಿಗೆ ಹೇಳಿದರೆ ನಂಬುತ್ತಾಳೆ. ಒಂದು ಹಾಳೆ ನೀವು, ಒಂದು ಹಾಳೆ ಅವಳು ಓದಬಹುದೇನೋ. ಅವಳು ತಡೆದು ಸುಮ್ಮನಾದರೆ ಲೈನ್ ಹೋಯಿತೆಂದು ಇಟ್ಟುಬಿಡಬೇಡಿ, ಸ್ವಲ್ಪ ಕಾಯಿರಿ. ನಾನು ಬಾಯಿ ಹಾಕುವುದಿಲ್ಲ.

ಇನ್ನೊಂದು ಮಾತು. ಮುಂದೆ ನಿಮಗೆ ಫೋನ್ ಮಾಡಲು ಆಗುವುದಿಲ್ಲವೆಂದಿದ್ದರೆ, ಕೆಲಸದ ಪಾಳಿಯೋ ಹೊಸ ಸಂಸಾರವೋ, ಏನೇ ಇರಲಿ, ನಾನು ಕೇಳುವುದಿಲ್ಲ, ದಯವಿಟ್ಟು ನನಗೆ ಮೊದಲು ತಿಳಿಸಿ. ಅವಳಿಗೆ ಹೇಗೆ ಹೇಳುವುದೆಂದು ಯೋಚಿಸಲು ನನಗೆ ಸಮಯ ಬೇಕು.

ಇಂತಿ,
ಚಿನ್ನಿಯ ಚಿಕ್ಕಮ್ಮ

ತಾ.ಕ.: ಬುಧವಾರ, ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಚಿನ್ನಿಯನ್ನು ಶಾಲೆಗೆ ಬಿಡಲು ಹೊರಟಿದ್ದೆ. ಅಂಚೆಚೀಟಿಗೆ ಚೀಲ ತಡಕುತ್ತಾ ನೆಲ ನೋಡದೆ ನಡೆಯುತ್ತಿದ್ದೆ. ಅವಳು ಹಿಂದಿನಿಂದ ನನ್ನ ಬಟ್ಟೆ ಹಿಡಿದು ಜಗ್ಗಿದಳು. “ಚಿಕ್ಕಮ್ಮ, ನಿಲ್ಲು. ‘ಮುಚ್ಚಳ ಸಡಿಲವಿದೆ, ಮೆಟ್ಟಬೇಡಿ’ ಅಂತ ಬರ್ದಿದೆ.” ಕಂಬಕ್ಕೆ ಕಟ್ಟಿದ ರಟ್ಟಿನ ಮೇಲೆ ಅದೇ ಇತ್ತು. ನನ್ನ ಮುಂದಿನ ಹೆಜ್ಜೆ ಚರಂಡಿಯ ಮುಚ್ಚಳದ ಮೇಲೆಯೇ ಬೀಳುವುದರಲ್ಲಿತ್ತು. ನಾನು ರಟ್ಟನ್ನೊಮ್ಮೆ ಅವಳನ್ನೊಮ್ಮೆ ನೋಡಿದೆ. ಆಮೇಲೆ ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು, “ಅಮ್ಮಂಗೆ ಹೇಳ್ಬೇಡ,” ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಹಾಳೆ ಹಂಚಿಕೊಳ್ಳುವುದು ಆಮೇಲಾಯಿತು. ಈ ಭಾನುವಾರ ಏನೂ ಗೊತ್ತಿಲ್ಲದವರ ಹಾಗೆ ಕೊನೆಯವರೆಗೂ ನೀವೇ ಓದಿ ಹೇಳಿ.