ಸೀರಿಯಲ್ಲಿನ ದೊಡ್ಡ ಮಗ

ಮಾರ್ಚ್ 4

ಇವತ್ತೂ ಮಲಗುವುದೇ ಕೆಲಸ. ಸೀರಿಯಲ್ಲಿನ ದೊಡ್ಡ ಮಗ ಕೋಮಾದಲ್ಲಿದ್ದಾನೆ. ಮೂಗಿಗೆ ಪ್ಲಾಸ್ಟಿಕ್ ಕೊಳವೆ ಅಂಟಿಸಿಕೊಂಡು, ಕಣ್ಣು ಮುಚ್ಚಿ ಬಿದ್ದಿರಬೇಕು. ಆರು ವರ್ಷದಿಂದ ನಾನು ಮಾಡುತ್ತಿರುವ, ಒಂದು ನೆಗಡಿಯೂ ಬಾರದ ಪಾತ್ರ. ನಾನು ಗೇ ಎಂದು ಟಿವಿ ಸಂದರ್ಶನದಲ್ಲಿ ಹೇಳಿದ ಮರುವಾರವೇ ಅವನಿಗೆ ಲಾರಿ ಗುದ್ದಿತು.

ಸೀರಿಯಲ್ಲಿನ ತಾಯಿ ನನ್ನ ಕೈ ಹಿಡಿದು ಅಳಬೇಕಿತ್ತು. ಮುಟ್ಟುವುದು ಬೇಡ ಎಂದರಂತೆ ನಿರ್ದೇಶಕರು. ಆಕೆ ಮಂಚದ ಕಂಬಿ ಹಿಡಿದು ಅತ್ತರು. ಚೆನ್ನಾಗಿಯೇ ಅತ್ತರು.

ಅಮ್ಮ — ನನ್ನ ಸ್ವಂತ ಅಮ್ಮ — ಸಂದರ್ಶನವಾದ ಮೇಲೆ ನನ್ನ ಫೋನ್ ಎತ್ತುತ್ತಿಲ್ಲ. ಸೀರಿಯಲ್ ಮಾತ್ರ ಒಂದು ದಿನವೂ ತಪ್ಪಿಸಿಲ್ಲವಂತೆ. ಅಕ್ಕ ಹೇಳಿದಳು.

ಮಾರ್ಚ್ 9

ಕಲಾವಿದರ ಸಂಘದ ಸಭೆ. ಯಾರನ್ನು ಪ್ರೀತಿಸುತ್ತಾರೆ ಎಂಬ ಕಾರಣಕ್ಕೆ ಯಾರ ಪಾತ್ರವನ್ನೂ ಕಿತ್ತುಕೊಳ್ಳಬಾರದು — ಇಷ್ಟೇ ನನ್ನ ಠರಾವು. ಅನುಮೋದಿಸಲು ಒಬ್ಬರು ಸಾಕಿತ್ತು. ಸೀರಿಯಲ್ಲಿ ನನ್ನ ತಮ್ಮನಾದವನು ಕೈ ಎತ್ತುತ್ತೇನೆಂದು ಮಾತು ಕೊಟ್ಟಿದ್ದ. ಅಧ್ಯಕ್ಷರು ಕೇಳಿದ ಹೊತ್ತಿಗೆ ಬಗ್ಗಿ ಶೂ ಲೇಸ್ ಕಟ್ಟತೊಡಗಿದ. ಎಷ್ಟು ಹೊತ್ತು ಕಟ್ಟಿದ ಪುಣ್ಯಾತ್ಮ... ಮುಂದಿನ ವಿಷಯಕ್ಕೆ ಹೋಗಿಬಿಟ್ಟರು.

ಆಮೇಲೆ ಪಾರ್ಕಿಂಗಿನಲ್ಲಿ ಸಿಕ್ಕ. "ನನ್ನ ಮನೇನೂ ನಡೀಬೇಕಲ್ಲ, ಅಣ್ಣ." ಕ್ಯಾಮೆರಾ ಇಲ್ಲದ ಕಡೆಯೂ ಅಣ್ಣ ಎನ್ನುವುದು ಅವನ ರೂಢಿ.

ಮಾರ್ಚ್ 23

ಸತ್ತೆ. ಮಾನಿಟರಿನ ಗೆರೆ ನೇರವಾಗಲು ಮೂರು ಟೇಕ್ ಬೇಕಾಯಿತು. ನನಗೆ ಒಂದೇ ಸಾಕಾಯಿತು.

ಮೇಕಪ್ಪಿನವರು ಮುಖ ಒರೆಸಿದರು. ಹತ್ತಿಯ ಡಬ್ಬ ಮುಚ್ಚಿದರು.

ಏಪ್ರಿಲ್ 6

ನಿನ್ನೆ ಸಾವಿನ ಕಂತು ಪ್ರಸಾರವಾಯಿತು. ಅಕ್ಕನ ಫೋನ್. ಚಿನ್ನದಂಥ ಮಗ ಹೋದನಲ್ಲ ಎಂದು ಅಮ್ಮ ಊಟ ಬಿಟ್ಟು ಅಳುತ್ತಿದ್ದಾಳಂತೆ. ಅವಳಿಗೇ ಕೊಡು ಎಂದೆ. ಕೊಟ್ಟಳು. ಅಮ್ಮ ಬಿಕ್ಕುವುದು ಕೇಳಿಸಿತು.

"ಅಮ್ಮ, ನಾನು. ಬದುಕಿದೀನಿ."

ಬಿಕ್ಕುವುದು ನಿಂತಿತು.

"ನನಗೆ ಇದ್ದಿದ್ದು ಅವನೊಬ್ಬನೇ" ಎಂದಳು. ಫೋನ್ ಅಕ್ಕನ ಕೈಗೆ ವಾಪಸ್.

ಏಪ್ರಿಲ್ 19, ಮಧ್ಯಾಹ್ನ

ನಾಳೆ ನಮ್ಮಂಥವರ ತಂದೆತಾಯಂದಿರ ಸಭೆ. ನಾನೇ ಭಾಷಣಕಾರ. ಬೇರೆ ಕೆಲಸವೂ ಇಲ್ಲ ಬಿಡಿ... ಕಾನೂನು ಗೀನೂನು ಬೇಡ ಎಂದರು ಸಂಘಟಕಿ. "ನಿಮ್ಮ ತಾಯಿ ಹೇಗೆ ಒಪ್ಪಿಕೊಂಡ್ರು, ಅದನ್ನ ಹೇಳಿ ಸಾರ್. ಬರೋರಿಗೆ ಬೇಕಾಗಿರೋದು ಅದೇ." ಆಗಲಿ ಎಂದೆ. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಯಾರೋ ಒಬ್ಬ ತಾಯಿ, ಮಗನನ್ನು ಮನೆಯಿಂದ ಹೊರಗೆ ಹಾಕಿದವರು, ನನ್ನ ಮಾತು ಕೇಳಲೆಂದೇ ಬರುತ್ತಿದ್ದಾರಂತೆ.

ಬೆಳಗಿನಿಂದ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ನಿಜ ಹೇಳಿದರೆ ಆಕೆ ಎದ್ದು ಹೋದಾರು. ಸುಳ್ಳು ಹೇಳುವುದೇನೂ ಕಷ್ಟವಲ್ಲ, ಹೊಟ್ಟೆ ಹೊರೆದದ್ದೇ ಅದರಿಂದ. ಆದರೂ ಈ ಒಂದು ಸುಳ್ಳಿನ ಮೊದಲ ಸಾಲನ್ನು ನಾಲ್ಕು ಸಲ ಹೊಡೆದು ಹಾಕಿದ್ದೇನೆ. ಇಲ್ಲೇ ಬರೆದು ನೋಡೋಣ —

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮ...