ಸೋಮವಾರ ಹಚ್ಚಿದ ಒಲೆ

ಕ್ಯಾತನಹಳ್ಳಿ, ಪಾಂಡವಪುರ ತಾಲ್ಲೂಕು
೧೩ ಜನವರಿ ೨೦೨೬

ಪ್ರೀತಿಯ ನಮ್ಮ ಯಜಮಾನರಿಗೆ,

ನಿಮ್ಮ ಪ್ರಮೀಳಾ ಮಾಡುವ ನಮಸ್ಕಾರ. ನೆಗಡಿ ಬಿಟ್ಟಿತಾ? ಗಡಿಯ ಆ ಹಿಮದಲ್ಲಿ ಎರಡೆರಡು ಕಾಲುಚೀಲ ಹಾಕಿಕೊಳ್ಳಿ, ಜೊತೆಯ ಸೈನಿಕರ ಮುಂದೆ ಗತ್ತು ತೋರಿಸಬೇಡಿ. ಅತ್ತೆಯ ಮಂಡಿನೋವು ಪರವಾಗಿಲ್ಲ. ಚಿನ್ನು ಹಬ್ಬಕ್ಕೆ ಹೊಸ ಲಂಗ ಬೇಕೆಂದು ಹಟ ಹಿಡಿದಿದ್ದಾಳೆ. ಫೋನಿದ್ದೂ ಕಾಗದವೇಕೆ ಅನ್ನುತ್ತೀರಿ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ರೇಗಿಬಿಡುತ್ತೀರಿ. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ಮೊನ್ನೆ ಭಾನುವಾರ ಲಾಲ್ ಬಹದ್ದೂರ್ ಶಾಸ್ತ್ರಿಯವರ ಪುಣ್ಯತಿಥಿ, ನಿನ್ನೆ ಶಾಲೆಯಲ್ಲಿ ಮಕ್ಕಳ ಮುಂದೆ ಅವರ ಬಗ್ಗೆ ಮಾತಾಡಿದೆ. ಬೆಳಿಗ್ಗೆ ಮನೆಯಲ್ಲೇ ಓದಿಕೊಳ್ಳುತ್ತಿದ್ದಾಗ ಮಾವ ಜಗಲಿಯಿಂದಲೇ ಗೊಣಗಿದರು. ದೇಶಕ್ಕೆ ಅನ್ನ ಸಾಲದಿದ್ದಾಗ ಸೋಮವಾರ ಸಂಜೆಯ ಊಟ ಬಿಡಿ ಎಂದು ಶಾಸ್ತ್ರಿಯವರು ಹೇಳಿದ್ದನ್ನು ನಿಮ್ಮ ತಾತ ಹಿಡಿದರು, ಮಾವ ಇಂದಿಗೂ ಬಿಟ್ಟಿಲ್ಲ. ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆದರೆ ಅರವತ್ತೈದರ ಪಾಕಿಸ್ತಾನ ಯುದ್ಧ ಮುಗಿಸಿದ ತಾಷ್ಕೆಂಟ್ ಒಪ್ಪಂದದ ಮಾತು ಬಂದರೆ ಮಾತ್ರ ಅವರಿಗೆ ಸಿಟ್ಟು. "ನಮ್ ಹೈಕ್ಳು ರಕ್ತ ಸುರ್ಸಿ ಗೆದ್ದಿದ್ ಜಾಗವ ಯಾಕವ್ವ ವಾಪಸ್ ಕೊಟ್ಬುಟ್ರು?" ಎಂದರು. ನನಗೋ, ಆ ಮನುಷ್ಯ ದೊಡ್ಡವರಾಗಿ ಕಾಣುವುದು ಅಲ್ಲೇ. ಯುದ್ಧ ಮಾಡಲೂ ಹೆದರಲಿಲ್ಲ, ಮುಗಿಸಲೂ ಹೆದರಲಿಲ್ಲ. ಊರಿಗೆ ಹೋದರೆ ಜನ ಬೈಯುತ್ತಾರೆಂದು ಗೊತ್ತಿದ್ದೂ ರುಜು ಹಾಕಿದರು. ಅದನ್ನೇ ಹೇಳಿದೆ. ಮಾವ ಟವೆಲ್ ಕೊಡವಿ ಎದ್ದು ಹೋದರು.

ಸಂಜೆ ನಿಂಗರಾಜು ಬಂದ. ನಮ್ಮ ಗದ್ದೆಯ ಅಂಚಿನ ಗಾಡಿದಾರಿಯ ಕೇಸು ನಾವು ಗೆದ್ದು, ಕಳೆದ ರಜೆಯಲ್ಲಿ ನೀವೇ ತಂತಿಬೇಲಿ ಎಳೆದು ಹೋದ ಮೇಲೆ, ನಿಮ್ಮ ಚಿಕ್ಕಪ್ಪನ ಮಗ ಈ ಹೊಸ್ತಿಲು ತುಳಿದಿದ್ದು ಇದೇ ಮೊದಲು. "ಕಬ್ಬು ಕಡ್ಸಿವ್ನಿ ದೊಡ್ಡಪ್ಪ, ಗದ್ದೇಲೇ ಒಣಗ್ತಾ ಬಿದ್ದದೆ. ಟ್ರಾಕ್ಟರು ಓಗಕ್ಕೆ ದಾರಿ ಬುಡು," ಎಂದು ಕಂಬಕ್ಕೆ ಒರಗಿ ನಿಂತ. ಪಾಪ, ಅವನ ಮುಖ ನೋಡಲಾಗಲಿಲ್ಲ.

ಮಾವ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಆಮೇಲೆ, "ಗೆದ್ದಿದ್ ದಾರಿ ಇಟ್ಕಂಡು ಏನ್ಲಾ ಮಾಡಾನ, ತಮ್ಮನ್ ಮಗ್ನೇ ಓಡಾಡ್ದಿದ್ ಮೇಲೆ. ಬೇಲಿ ತೆಗುಸ್ತೀನಿ, ಓಗು," ಎಂದುಬಿಟ್ಟರು.

ಅಲ್ಲಿಗೆ ಮುಗಿಯಲಿಲ್ಲ. ರಾಜಿಯಾದ ಮೇಲೆ ಒಟ್ಟಿಗೆ ಉಣ್ಣದಿದ್ದರೆ ನಮ್ಮಲ್ಲಿ ಅದು ರಾಜಿಯೇ ಅಲ್ಲವಲ್ಲ. ಆದರೆ ಸೋಮವಾರ! ಅತ್ತೆ ನನ್ನ ಮುಖ ನೋಡಿದರು, ನಾನು ಮಾವನ ಮುಖ ನೋಡಿದೆ. "ಒಲೆ ಅಚ್ಚವ್ವ. ಇನ್ನೊಬ್ರು ಉಣ್ಲಿ ಅಂತಲ್ವಾ ಶಾಸ್ತ್ರಿಗಳು ಬುಡು ಅಂದಿದ್ದು, ಬಂದೋರ್ನ ಅಸ್ಕಂಡ್ ಕಳ್ಸಿ ಅಂತಲ್ಲ," ಎಂದರು ಮಾವ. ನಿಂಗರಾಜು ಮಾತ್ರ, "ನೀ ಉಣ್ದಿದ್ರೆ ನಾನೂ ಮುಟ್ಟಾಕಿಲ್ಲ," ಎಂದು ಕೈ ಕಟ್ಟಿ ಕೂತ. ಮಾವ ನಕ್ಕು ಮುದ್ದೆ ಮುರಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಸಂತೋಷಕ್ಕೇ.

ಅತ್ತೆ, ಮಾವ ಆಶೀರ್ವಾದ ತಿಳಿಸಿದ್ದಾರೆ. ಚಿನ್ನುವಿನ ಮುತ್ತು ತಲುಪಲಿ.

ನಿಮ್ಮವಳು,
ಪ್ರಮೀಳಾ

ತಾ.ಕ.: ಜಮೀನು ನಿಮ್ಮ ಹೆಸರಿನಲ್ಲಿದೆ. ಮಾತು ಕೊಟ್ಟ ಮಾವ ಇವತ್ತು ಬೆಳಿಗ್ಗೆ ಗದ್ದೆಯಲ್ಲಿ ಬೇಲಿಯ ಹತ್ತಿರ ಹೋಗಿ, "ಮಂಜ ಏನಂತಾನೋ," ಎಂದು ನಿಮ್ಮ ಹೆಸರೆತ್ತಿ ನಿಂತುಬಿಟ್ಟರು. ಬೇಲಿ ಕಿತ್ತವಳು ನಾನು. ಕಬ್ಬು ಆಗಲೇ ಕಾರ್ಖಾನೆಗೆ ಹೋಯಿತು. ರೇಗುವುದನ್ನೆಲ್ಲ ನನ್ನ ಮೇಲೆ ರೇಗಿ. ಅವರಿಗೆ ಮಾತ್ರ ಫೋನ್ ಮಾಡಿ, "ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ," ಅಂತ ಒಂದು ಮಾತು ಹೇಳಿ.